ಈಜಿನಿಂದ ಅನ್ನ ಹುಟ್ಟುತ್ತದಾ? ಹಕೀಮುದ್ದೀನ್ ಹಬೀಬುಲ್ಲಾ ಹಿಡಿದ ದಾರಿ

ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನನ್ನದೊಂದು ಸಣ್ಣ ಅಂಗಡಿ. ದಿನಾ ಹಾಲಿಗೆ ಬರುವ ನಮ್ಮ ಊರ ಕಡೆಯ ಹುಡುಗನೊಬ್ಬ ಕಾಲೇಜು ಮಟ್ಟದಲ್ಲಿ ಚೆನ್ನಾಗಿ ಈಜುತ್ತಾನೆ. ಬಿ.ಕಾಂ. ಎರಡನೇ ವರ್ಷ. ಕಳೆದ ವಾರ ಮುಖ ಸಣ್ಣದು ಮಾಡಿಕೊಂಡು ಬಂದ. "ಕಾಕ, ಈಜು ಸಾಕು, ಅದರಿಂದ ಅನ್ನ ಹುಟ್ಟುತ್ತದಾ ಅಂತ ಉಪ್ಪ ಕೇಳ್ತಾರೆ."

ಉಪ್ಪನ ಪ್ರಶ್ನೆ ತಪ್ಪಲ್ಲ. ಈಜುಗಾರನ ಸ್ಪರ್ಧೆಯ ಆಯುಷ್ಯ ಸಣ್ಣದು, ಆಮೇಲೆ ಹೊಟ್ಟೆಪಾಡು ನೋಡಬೇಕಲ್ಲ. ಆದರೆ ಉತ್ತರವೂ ಇದೆ.

ಬೆಂಗಳೂರಿನ ಹಕೀಮುದ್ದೀನ್ ಹಬೀಬುಲ್ಲಾ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದವರು. 50 ಮೀಟರ್ ಕೊಳದಲ್ಲಿ ನಾಲ್ಕು ಸುತ್ತು, ಅಷ್ಟೇ. ಪದಕ ಬರಲಿಲ್ಲ. ಕೊಳ ಬಿಟ್ಟ ಮೇಲೆ ಅವರು ಕ್ರೀಡಾ ನಿರ್ವಹಣೆಗೆ ಇಳಿದರು. ಗೋಸ್ಪೋರ್ಟ್ಸ್‌ನಲ್ಲಿ ಕೆಲಸ ಮಾಡಿ, ಆಮೇಲೆ ವಿನ್ನಿಂಗ್ ಮ್ಯಾಟರ್ಸ್ ಎಂಬ ಸಲಹಾ ಸಂಸ್ಥೆ ಕಟ್ಟಿದರು. ಅದೇ ಸಿಡ್ನಿಯಲ್ಲಿ ಮಹಿಳೆಯರ 200 ಮೀಟರ್ ಫ್ರೀಸ್ಟೈಲ್ ಈಜಿದ ನಿಶಾ ಮಿಲೆಟ್ ಬೆಂಗಳೂರಿನಲ್ಲಿ ತಮ್ಮದೇ ಈಜು ಅಕಾಡೆಮಿ ನಡೆಸಿದರು. ಚಿಕ್ಕಂದಿನಲ್ಲಿ ನೀರಲ್ಲಿ ಮುಳುಗಿ ಬದುಕಿದ ಹುಡುಗಿ ಅವರು!

ಕ್ರೀಡಾ ನಿರ್ವಹಣೆ ಅಂದರೆ ಏನು ಕೆಲಸ ಅಂತ ನಮ್ಮಲ್ಲಿ ತುಂಬ ಜನರಿಗೆ ಗೊತ್ತಿಲ್ಲ. ಪ್ರತಿಭೆ ಗುರುತಿಸುವುದು, ಕೋಚ್, ಫಿಸಿಯೊ, ಪ್ರಯಾಣದ ಏರ್ಪಾಡು, ಬಜೆಟ್, ಕರಾರು ಪತ್ರ, ಕೊನೆಗೆ ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು. ಅರ್ಧಕ್ಕರ್ಧ ಕಾಮರ್ಸ್ ಕೆಲಸವೇ.

ಹಣ ಎಲ್ಲಿಂದ? ಇದು ನಾನು ಓದಿದ ವಿಷಯ, ಸ್ವಲ್ಪ ಬಿಡಿಸಿ ಹೇಳ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ - ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2 ಶೇಕಡಾವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್ಆರ್ ಅನ್ನುವುದು ಇದನ್ನೇ. ಕಾಯ್ದೆಯ ಏಳನೇ ಷೆಡ್ಯೂಲ್‌ನಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಒಲಿಂಪಿಕ್, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಈಜು ಒಲಿಂಪಿಕ್ ಕ್ರೀಡೆ. ಕಂಪನಿಗೆ ಖರ್ಚು ಮಾಡಲೇಬೇಕು, ಆದರೆ ಯಾವ ಹುಡುಗನಿಗೆ, ಯಾವ ಕೋಚ್‌ಗೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕೊಳವೂ ಗೊತ್ತಿದ್ದು ಬ್ಯಾಲೆನ್ಸ್ ಶೀಟೂ ಓದಬಲ್ಲವನಿಗೆ ಬೆಲೆ ಬರುವುದು ಅಲ್ಲೇ.

ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಇಂಥ ಕೆಲಸಗಳು ಕಡಿಮೆ, ಶುರುವಿನ ಸಂಬಳವೂ ಗಲ್ಫ್‌ನಷ್ಟಿಲ್ಲ. ಹೋಗಲು ಬೇರೆ ಬಾಗಿಲೂ ಇದೆ: ವೀರೇನ್ ರಸ್ಕಿನ್ಹಾ ಹಾಕಿ ಆಡುವುದು ಬಿಟ್ಟು ಹೈದರಾಬಾದಿನ ಐಎಸ್‌ಬಿಯಲ್ಲಿ ಎಂಬಿಎ ಮಾಡಿ, ಒಲಿಂಪಿಕ್ ಗೋಲ್ಡ್ ಕ್ವೆಸ್ಟ್‌ನ ಸಿಇಒ ಆದರು. ಎಂಬಿಎ ಇಲ್ಲದಿದ್ದರೆ ಹಾಕಿ ಹೆಸರೊಂದೇ ಅಲ್ಲಿಗೆ ಮುಟ್ಟಿಸುತ್ತಿತ್ತು ಅಂತ ನನಗನಿಸುವುದಿಲ್ಲ.

ಹುಡುಗನಿಗೆ ಹೇಳಿದೆ: ಈಜು ಬಿಡಬೇಡ, ಬಿ.ಕಾಂ. ಅಂತೂ ಬಿಡಲೇಬೇಡ. ಬೆಳಗ್ಗೆ ಕೊಳ, ಆಮೇಲೆ ಕ್ಲಾಸ್. ಸ್ಪರ್ಧೆಯ ಸರ್ಟಿಫಿಕೇಟ್ ಎಲ್ಲ ಒಂದು ಫೈಲ್‌ನಲ್ಲಿಡು. ಮೀಟ್ ನಡೆಯುವಾಗ ಸಂಘಟಕರ ಜೊತೆ ನಿಂತು ಕೆಲಸ ಕಲಿ, ದುಡ್ಡು ಕೊಡದಿದ್ದರೂ ಸರಿ.

"ಇದನ್ನೆಲ್ಲ ನೀವೇ ಉಪ್ಪನಿಗೆ ಹೇಳಿ ಕಾಕ" ಅಂದ. ಶುಕ್ರವಾರ ಜುಮಾ ಮುಗಿಸಿ ಅವರನ್ನು ಅಂಗಡಿಗೆ ಕರ್ಕೊಂಡು ಬರ್ತಾನಂತೆ.