ವಿಮಾನದ ಟಿಕೀಟಿಗೆ ದಿನಕ್ಕೊಂದು ಬೆಲೆ ಏಕೆ?

ಅಫಜಲಪುರ ತಾಲೂಕಿನ ಅತನೂರಿನಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ “ಟಿಕೀಟಿಗೆ ನೀವೆಷ್ಟು ಕೊಟ್ಟಿರಿ?” ಎಂದು ಪಕ್ಕದವರನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಒಂದೇ ದರ. (ಹೆಂಗಸರಿಗೆ 2023ರ ಜೂನಿನಿಂದ ಆ ದರವೂ ಇಲ್ಲ, ಅದು ಬೇರೆ ಮಾತು.) ವಿಮಾನದಲ್ಲಿ ಹಾಗಲ್ಲ. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಒಬ್ಬರು 3,000 ರೂಪಾಯಿ, ಇನ್ನೊಬ್ಬರು 9,000 ರೂಪಾಯಿ ಕೊಟ್ಟಿರಬಹುದು. ಆಸನ ಒಂದೇ ಬಗೆಯದು, ತಲಪುವ ಹೊತ್ತೂ ಒಂದೇ. ಕಂಡವರು ಇದನ್ನು ಮೋಸವೆನ್ನುತ್ತಾರೆ. ಅದರ ಹಿಂದಿನ ಲೆಕ್ಕ ತಿಳಿದರೆ ಕೈಯ ಹಣವಾದರೂ ಸ್ವಲ್ಪ ಉಳಿದೀತು.

ಧಾರಣೆಯ ಏರಿಳಿತ ನಮ್ಮ ಭಾಗದವರಿಗೆ ಹೊಸದಲ್ಲ. ತೊಗರಿ ಬೆಳೆಯುವವರು ಕಲಬುರಗಿಯ ಮಾರುಕಟ್ಟೆಯಲ್ಲಿ ಅದನ್ನು ಕಾಣುತ್ತಲೇ ಇರುತ್ತಾರೆ. ಆದರೆ ಧಾರಣೆ ಬಿದ್ದಾಗ ತೊಗರಿಯನ್ನು ಚೀಲ ಕಟ್ಟಿ ಇಟ್ಟುಕೊಳ್ಳಬಹುದು. ವಿಮಾನದ ಆಸನವನ್ನು ಹಾಗೆ ಇಡಲಾಗದು. ವಿಮಾನ ಮೇಲಕ್ಕೆದ್ದ ಕ್ಷಣ ಖಾಲಿ ಆಸನದ ಬೆಲೆ ಸೊನ್ನೆ. ಅದು ಸಂತೆಯ ಕೊತ್ತಂಬರಿ ಸೊಪ್ಪಿನಂತೆ. ಹಾಗಾದರೆ ಹೊತ್ತು ಇಳಿದಂತೆ ಅಗ್ಗವಾಗಬೇಕಲ್ಲ, ಏರುವುದೇಕೆ? ಕೊನೆಗೆ ಬರುವ ಗಿರಾಕಿ ಬೇರೆ ಬಗೆಯವನು, ಅದಕ್ಕೆ. ಸಂಜೆಯ ಸಂತೆಗೆ ಬರುವವನು ಅಗ್ಗ ಹುಡುಕುತ್ತಾನೆ. ಹೊರಡುವ ಹಿಂದಿನ ದಿನ ವಿಮಾನದ ಟಿಕೀಟು ಕೇಳುವವನು ಆಸ್ಪತ್ರೆಯಲ್ಲಿರುವ ತಂದೆಯನ್ನು ನೋಡಬೇಕಾದ ಮಗ, ಇಲ್ಲವೆ ಮರುದಿನ ನ್ಯಾಯಾಲಯದಲ್ಲಿ ನಿಲ್ಲಬೇಕಾದ ವಕೀಲ. ಅವನು ಚೌಕಾಸಿ ಮಾಡಲಾರ.

ಈ ತಿಳಿವಳಿಕೆಯನ್ನು 1972ರಲ್ಲಿ ಒಂದು ಸೂತ್ರಕ್ಕೆ ಇಳಿಸಿದವರು ಬ್ರಿಟನ್ನಿನ ವಿಮಾನ ಸಂಸ್ಥೆಯಲ್ಲಿದ್ದ ಲಿಟಲ್‌ವುಡ್ ಎಂಬವರು. ಇಂದು 3,000ಕ್ಕೆ ಕೊಳ್ಳುವವನು ಎದುರಿಗಿದ್ದಾನೆ. ಮುಂದೆ 9,000 ಕೊಡುವವನು ಬರಬಹುದು, ಬಾರದಿರಲೂಬಹುದು. ಬರುವ ಸಂಭವ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿದ್ದರೆ ಆಸನವನ್ನು ಕಾದಿರಿಸುವುದು ಲಾಭ. ಕಡಮೆಯಾಗಿದ್ದರೆ ಈಗಲೇ ಮಾರುವುದು ಲಾಭ. ಆಗ ಕಾಗದದ ಮೇಲೆ ನಡೆದ ಈ ಲೆಕ್ಕವನ್ನು ಈಗ ಗಣಕಯಂತ್ರಗಳು ಹಗಲಿರುಳೂ ನಡೆಸುತ್ತವೆ.

ಅದಕ್ಕಾಗಿ ಕಂಪೆನಿಯವರು ಒಂದೇ ಬಗೆಯ ಆಸನಗಳನ್ನೇ ಹಲವು ದರದ ಗುಂಪುಗಳಾಗಿ ಹಂಚಿಡುತ್ತಾರೆ. ಕೆಳಗಿನ ಗುಂಪು ಮುಗಿದರೆ ಮೇಲಿನದು ತೆರೆಯುತ್ತದೆ. ಮಾರಾಟ ಮಂದವಾದರೆ ಮುಚ್ಚಿದ್ದ ಕೆಳಗಿನ ಗುಂಪನ್ನು ಮತ್ತೆ ತೆರೆಯುವುದೂ ಉಂಟು. ಬೆಳಿಗ್ಗೆ ಕಂಡ ಬೆಲೆ ಸಂಜೆಗೆ ಇಳಿದಿರುವುದು ಇದರಿಂದ. ಇಂಧನ ತುಟ್ಟಿಯಾದರೆ ಒಟ್ಟು ದರಮಟ್ಟ ಏರುತ್ತದೆ, ನಿಜ. ಆದರೆ ಗಂಟೆಗೊಮ್ಮೆ ಆಗುವ ಬದಲಾವಣೆಗೆ ಅದು ಕಾರಣವಲ್ಲ. ರೈಲ್ವೆಯವರೂ 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ ಗಾಡಿಗಳಿಗೆ ಇಂಥ ಮೆಟ್ಟಿಲು ಕಟ್ಟಿದರು. ಅಲ್ಲಿ ಕೊನೆಯ ಮೆಟ್ಟಿಲು ಎಷ್ಟೆಂಬುದು ಮೊದಲೇ ಗೊತ್ತು. ವಿಮಾನಕ್ಕೆ ಸಾಮಾನ್ಯವಾಗಿ ಅಂಥ ಮಿತಿಯಿಲ್ಲ. ಮಹಾಮಾರಿಯ ಕಾಲದಲ್ಲಿ, 2020ರ ಮೇ ತಿಂಗಳಿನಿಂದ 2022ರ ಆಗಸ್ಟಿನವರೆಗೆ, ಸರಕಾರವೇ ಮೇಲಿನ ಮತ್ತು ಕೆಳಗಿನ ಮಿತಿ ಹಾಕಿತ್ತು.

ಮಿತಿಯ ಇನ್ನೊಂದು ಬಗೆಯನ್ನು ಕಲಬುರಗಿ ಕಂಡಿದೆ. 2019ರ ನವೆಂಬರ್ 22ರಂದು ಅಲ್ಲಿನ ವಿಮಾನ ನಿಲ್ದಾಣದ ಉದ್ಘಾಟನೆಯಾಗಿ ಬೆಂಗಳೂರಿಗೆ 50 ಆಸನಗಳ ವಿಮಾನ ಹೊರಟಿತು. ಕೇಂದ್ರ ಸರಕಾರದ ಉಡಾನ್ ಯೋಜನೆಯಂತೆ ಇಂಥ ವಿಮಾನದ ಅರ್ಧ ಆಸನಗಳನ್ನು, ಎಂದರೆ 25ನ್ನು, ಗೊತ್ತುಮಾಡಿದ ದರದೊಳಗೆ ಮಾರಬೇಕು. ಯೋಜನೆ ಆರಂಭವಾದಾಗ ಒಂದು ಗಂಟೆಯ ಹಾರಾಟಕ್ಕೆ ಈ ದರ 2,500 ರೂಪಾಯಿ. ಅದರಿಂದಾಗುವ ನಷ್ಟವನ್ನು ಸಹಾಯಧನ ತುಂಬುತ್ತದೆ. ಉಳಿದರ್ಧಕ್ಕೆ ಕಟ್ಟಿಲ್ಲ. 26ನೆಯವನಾಗಿ ಬಂದವನಿಗೆ ಅಗ್ಗದ ವಿಮಾನವೆಂಬ ಮಾತು ಕೇಳಿ ನಗು ಬಂದಿದ್ದರೆ ಆಶ್ಚರ್ಯವಿಲ್ಲ! ಸಹಾಯಧನವೂ ಒಂದು ಮಾರ್ಗಕ್ಕೆ ಮೂರೇ ವರ್ಷ. ಹಾರಾಟ ಕಡಮೆಯಿರುವ ಊರಿನಲ್ಲಿ ದರವನ್ನು ಕೆಳಗೆಳೆಯುವ ಪೈಪೋಟಿಯೂ ಇರದು. ಆದ್ದರಿಂದ ನಮ್ಮ ಕಡೆಯವರು ಹೈದರಾಬಾದಿನ ಶಂಷಾಬಾದ್ ನಿಲ್ದಾಣದ ದರವನ್ನೂ ವಿಚಾರಿಸುವುದು ಜಾಣತನ. ಅಲ್ಲಿಯವರೆಗಿನ ಬಸ್ಸಿನ ಖರ್ಚು, ಊಟ, ಕಳೆಯುವ ಹೊತ್ತು ಇವನ್ನೂ ಕೂಡಿಸಿಯೇ ಹೋಲಿಸಬೇಕು.

ಹಾಗಾದರೆ ಕೊಳ್ಳುವುದು ಎಂದು? ದಿನ ಖಚಿತವಾಗಿದ್ದರೆ ದೇಶದೊಳಗಿನ ಪ್ರಯಾಣಕ್ಕೆ ಸುಮಾರು ಒಂದು ತಿಂಗಳು ಮೊದಲು. ದೀಪಾವಳಿ, ಬೇಸಗೆಯ ರಜೆಗಳಿಗೆ ಎರಡು ಮೂರು ತಿಂಗಳು ಮೊದಲು. ಕೊನೆಯ ವಾರದಲ್ಲಿ ಇಳಿದೀತೆಂದು ಕಾಯುವುದು ಜೂಜು. ಮಂಗಳವಾರ ಕೊಂಡರೆ ಅಗ್ಗವೆಂಬ ಮಾತನ್ನು ನಂಬಬೇಕಾಗಿಲ್ಲ. ಆದರೆ ಮಂಗಳವಾರ, ಬುಧವಾರ ಪ್ರಯಾಣ ಮಾಡುವವರಿಗೆ ಶುಕ್ರವಾರ ಸಂಜೆಯವರಿಗಿಂತ ದರ ಸಾಮಾನ್ಯವಾಗಿ ಕಡಮೆ. ನಾಲ್ವರು ಹೊರಟಿದ್ದರೆ ಒಬ್ಬರ ದರವನ್ನೂ ಬೇರೆಯಾಗಿ ನೋಡಿರಿ. ಕೆಳಗಿನ ಗುಂಪಿನಲ್ಲಿ ಎರಡೇ ಆಸನ ಉಳಿದಿದ್ದರೆ, ನಾಲ್ಕನ್ನು ಒಟ್ಟಿಗೆ ಕೇಳಿದವರಿಗೆ ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುವುದುಂಟು. ಎರಡೆರಡಾಗಿ ಕೊಂಡರೆ ಇಬ್ಬರ ಮಟ್ಟಿಗಾದರೂ ಉಳಿತಾಯ.

ಕೊಂಡ ಟಿಕೀಟು ರದ್ದಾದರೂ ಎಲ್ಲ ಹಣವೂ ಹೋಯಿತೆಂದು ಸುಮ್ಮನಿರಬೇಡಿ. ನಿಲ್ದಾಣದ ಶುಲ್ಕದಂಥ ಬಾಬುಗಳನ್ನು ಕಂಪೆನಿ ಹಿಂದಿರುಗಿಸಬೇಕು; ಕೇಳಿ ಪಡೆಯಿರಿ.