ಶುಶ್ರೂಷೆ, ನಿರಾಕರಣೆ ಮತ್ತು ಓದುಗರ ಪಕ್ಷಪಾತ: ಪ್ರಣಯ ಕಾದಂಬರಿಯ ಓದನ್ನು ಕುರಿತು

ಪ್ರಣಯ ಕಾದಂಬರಿಗಳನ್ನು ಓದುವವರ ಸಂಖ್ಯೆ ದೊಡ್ಡದು. ಓದುತ್ತೇವೆಂದು ಒಪ್ಪಿಕೊಳ್ಳುವವರ ಸಂಖ್ಯೆ ಚಿಕ್ಕದು. ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ ಈ ಎರಡನೆಯ ಸಂಖ್ಯೆ ಇನ್ನಷ್ಟು ಕುಗ್ಗುತ್ತದೆ. ನಮ್ಮ ವಿಮರ್ಶೆಯಲ್ಲಿ 'ಜನಪ್ರಿಯ' ಎಂಬ ವಿಶೇಷಣವು ಬಹುಕಾಲ ಒಂದು ತೀರ್ಪಿನಂತೆ ಕೆಲಸ ಮಾಡಿದೆ. ಆ ಮಾತು ಬಿದ್ದ ಮೇಲೆ ಕೃತಿಯನ್ನು ತೆರೆದು ನೋಡುವ ಅಗತ್ಯ ಉಳಿಯುವುದಿಲ್ಲ. ಆದರೆ ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ಕನ್ನಡ ಸಂಘಗಳ ಹಳೆಯ ಗ್ರಂಥಭಂಡಾರಗಳನ್ನು ಕಂಡವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಬೆನ್ನು ಕಿತ್ತು, ಮತ್ತೆ ಮತ್ತೆ ಹೊಲಿಗೆ ಹಾಕಿಸಿಕೊಂಡು, ಮೂಲೆಗಳು ಮೆತ್ತಗಾಗಿರುವ ಪುಸ್ತಕಗಳು ಹೆಚ್ಚಾಗಿ ತ್ರಿವೇಣಿ, ಎಂ. ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ ಅವರವು; ಅವುಗಳ ಪಕ್ಕದಲ್ಲಿ ಗಳಗನಾಥರ, ತ. ರಾ. ಸು. ಅವರ ಐತಿಹಾಸಿಕ ಕಾದಂಬರಿಗಳು. ಇವುಗಳನ್ನು ಓದಿದವರು ಸುಖಪಟ್ಟರು ಎಂಬುದರಲ್ಲಿ ಸಂದೇಹವಿಲ್ಲ. ಆ ಸುಖದ ಸ್ವರೂಪವೇನು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ.

ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. ಒಂದು, ಇದು ಪಲಾಯನ. ಇನ್ನೊಂದು, ಇದು ಕುತೂಹಲ. ಎರಡನೆಯದನ್ನು ತಳ್ಳಿಹಾಕುವುದು ಸುಲಭ. ಪ್ರಣಯ ಕಾದಂಬರಿಯ ಮೊದಲ ಇಪ್ಪತ್ತು ಪುಟಗಳಲ್ಲಿಯೇ ಯಾರಿಗೆ ಯಾರು ಎಂಬುದು ಓದುಗರಿಗೆ ತಿಳಿದುಹೋಗಿರುತ್ತದೆ. ತಿಳಿದೂ ಓದುತ್ತಾರೆ, ಒಮ್ಮೆ ಓದಿದ್ದನ್ನೇ ಮತ್ತೊಮ್ಮೆ ಓದುತ್ತಾರೆ. ಪಲಾಯನವೆಂಬ ಉತ್ತರ ಅಷ್ಟು ಸುಲಭವಾಗಿ ಬಗೆಹರಿಯದು. ಅಮೆರಿಕೆಯ ವಿದುಷಿ ಜಾನಿಸ್ ರಾಡ್‌ವೇ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಊರಿನ ಪುಸ್ತಕದಂಗಡಿಯ ಸುತ್ತ ಸೇರಿದ್ದ ಪ್ರಣಯ ಕಾದಂಬರಿಗಳ ಓದುಗಿತ್ತಿಯರನ್ನು ನೇರವಾಗಿ ಮಾತನಾಡಿಸಿದರು. ಕಥೆಗಿಂತ ಮುಂಚೆ ಓದುವ ಕ್ರಿಯೆಯೇ ಆ ಗೃಹಿಣಿಯರಿಗೆ ಮುಖ್ಯವಾಗಿತ್ತು: ಗಂಡ, ಮಕ್ಕಳು, ಅಡುಗೆಗಳ ನಡುವೆ ಪುಸ್ತಕ ಹಿಡಿದು ಕುಳಿತ ಅರ್ಧ ಗಂಟೆ ತಮ್ಮದು ಎಂದು ಸಾರುವ ರೀತಿ ಅದು. ಇದನ್ನು ಪಲಾಯನವೆಂದು ಕರೆಯಬಹುದಾದರೆ, ಭಾನುವಾರ ಬೆಳಗಿನ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಳ್ಳುವ ಗಂಡಸಿನ ಓದಿಗೂ ಅದೇ ಹೆಸರನ್ನು ಕೊಡಬೇಕಾದೀತು.

ರಾಡ್‌ವೇ ಕಂಡ ಓದುಗರು ಸುಖಾಂತವನ್ನು ಪಟ್ಟುಹಿಡಿದು ಕೇಳುವವರು. ಪಮೇಲಾ ರೀಜಿಸ್ 2003ರಲ್ಲಿ ಪ್ರಣಯ ಕಾದಂಬರಿಯ ಲಕ್ಷಣಗಳನ್ನು ನಿರೂಪಿಸುವಾಗಲೂ ನಾಯಕ ನಾಯಕಿಯರ ವಿವಾಹ ನಿಶ್ಚಯವನ್ನು ಅನಿವಾರ್ಯ ಅಂಗವೆಂದು ಪರಿಗಣಿಸಿದರು. ಇಂಗ್ಲಿಷ್ ಪ್ರಣಯ ಕಾದಂಬರಿಗೆ ಈ ಲಕ್ಷಣ ಹೊಂದುತ್ತದೆ. ಕನ್ನಡದ ಓದಿಗೆ ಇದನ್ನು ಹಾಗೆಯೇ ಅನ್ವಯಿಸಿದರೆ ನಮ್ಮ ಓದುಗರಿಗೆ ಅತ್ಯಂತ ಪ್ರಿಯವಾದ ಕೃತಿಗಳೇ ಹೊರಗುಳಿಯುತ್ತವೆ. ಇದಕ್ಕೆ ಕಾರಣವನ್ನು ಈ ಪ್ರಕಾರವು ನಮ್ಮಲ್ಲಿಗೆ ಬಂದ ದಾರಿಯಲ್ಲಿ ಹುಡುಕಬೇಕು.

ಆ ದಾರಿ ಎರಡು ಕವಲುಗಳದು. ಒಂದು ಬಂಗಾಳದಿಂದ ಮೈಸೂರಿಗೆ. ಬಂಕಿಮಚಂದ್ರರ ಮೊದಲ ಬಂಗಾಳಿ ಕಾದಂಬರಿ 'ದುರ್ಗೇಶನಂದಿನಿ' 1865ರಲ್ಲಿ ಹೊರಬಂತು, ಬಿ. ವೆಂಕಟಾಚಾರ್ಯರು ಅದನ್ನು 1885ರಲ್ಲಿ ಕನ್ನಡಿಸಿದರು. ಇನ್ನೊಂದು ಪುಣೆಯಿಂದ ಧಾರವಾಡದ ಕಡೆಗೆ. ಹರಿ ನಾರಾಯಣ ಆಪಟೆಯವರು 1890ರಲ್ಲಿ ಪುಣೆಯಲ್ಲಿ ಆರಂಭಿಸಿದ 'ಕರಮಣೂಕ' ವಾರಪತ್ರಿಕೆಯ ಮೂಲಕ ಮರಾಠಿ ಓದುಗರಿಗೆ ಐತಿಹಾಸಿಕ ಕಾದಂಬರಿಯ ರುಚಿ ಹತ್ತಿಸಿದರು. ಅವರ ಕೃತಿಗಳನ್ನು ಗಳಗನಾಥರು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು, ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಕಾದಂಬರಿಯ ಓದುಗವರ್ಗ ಹುಟ್ಟಿದ್ದು ಹೀಗೆ ಹೊರನಾಡಿನ ಭಾಷೆಗಳ ನೆರಳಿನಲ್ಲಿ ಎಂಬುದನ್ನು ಹೊರನಾಡ ಕನ್ನಡಿಗರು ಸ್ವಲ್ಪ ಹೆಮ್ಮೆಯಿಂದಲೇ ನೆನೆಯಬಹುದು.

ಇವೆರಡಕ್ಕೂ ಹಿಂದೆ ಸರ್ ವಾಲ್ಟರ್ ಸ್ಕಾಟ್ ನಿಂತಿದ್ದಾನೆ. ಅವನ 'ಐವನ್‌ಹೋ' ಕಾದಂಬರಿಯಲ್ಲಿ ಪಂದ್ಯದಲ್ಲಿ ಗಾಯಗೊಂಡ ನಾಯಕನಿಗೆ ಶುಶ್ರೂಷೆ ಮಾಡುವವಳು ಯಹೂದಿ ಹೆಣ್ಣುಮಗಳಾದ ರೆಬೆಕ್ಕಾ. ಅವಳಿಗೆ ಅವನಲ್ಲಿ ಅನುರಾಗ. ಆದರೆ ಅವನ ಕೈಹಿಡಿಯುವವಳು ಸ್ಯಾಕ್ಸನ್ ಕುಲದ ರೊವೀನಾ. ಕೊನೆಯಲ್ಲಿ ರೆಬೆಕ್ಕಾ ಮದುಮಗಳ ಬಳಿಗೆ ಬಂದು ತನ್ನ ಆಭರಣದ ಪೆಟ್ಟಿಗೆಯನ್ನು ಅವಳ ಕೈಗಿತ್ತು ದೇಶ ಬಿಟ್ಟು ಹೊರಡುತ್ತಾಳೆ. 'ದುರ್ಗೇಶನಂದಿನಿ'ಯಲ್ಲಿ ಸೆರೆಸಿಕ್ಕಿ ಗಾಯಗೊಂಡ ಜಗತ್‌ಸಿಂಹನನ್ನು ಹಗಲಿರುಳು ಕಾಯುವವಳು ಶತ್ರುವಾದ ಕತಲೂಖಾನನ ಮಗಳು ಆಯೇಷಾ. ತನ್ನನ್ನು ಪ್ರೀತಿಸುವ ಉಸ್ಮಾನನ ಎದುರಿನಲ್ಲಿಯೇ ಅವಳು ಈ ಬಂದಿಯೇ ತನ್ನ ಹೃದಯದ ಒಡೆಯನೆಂದು ಹೇಳುತ್ತಾಳೆ. ಆದರೂ ಮದುವೆ ತಿಲೋತ್ತಮೆಯೊಡನೆ. ಆಯೇಷಾ ಬಂದು ತಿಲೋತ್ತಮೆಗೆ ತನ್ನ ಕೈಯಾರೆ ಒಡವೆ ತೊಡಿಸುತ್ತಾಳೆ. ಮನೆಗೆ ಮರಳಿ, ವಿಷವಡಗಿದ ಉಂಗುರವನ್ನು ಕ್ಷಣಕಾಲ ನೋಡಿ, ಕಂದಕದ ನೀರಿಗೆ ಎಸೆದುಬಿಡುತ್ತಾಳೆ. ತಾನು 'ದುರ್ಗೇಶನಂದಿನಿ' ಬರೆಯುವ ಮುನ್ನ 'ಐವನ್‌ಹೋ' ಓದಿರಲಿಲ್ಲವೆಂದು ಬಂಕಿಮರು ಹೇಳಿದ್ದುಂಟು. ಆ ಚರ್ಚೆ ನಮಗೆ ಇಲ್ಲಿ ಬೇಡ.

ನಮಗೆ ಬೇಕಾದುದು ಓದುಗರ ಪಕ್ಷಪಾತ. ಕಾದಂಬರಿಯ ಹೆಸರು ದುರ್ಗಾಧಿಪತಿಯ ಮಗಳಾದ ತಿಲೋತ್ತಮೆಯದು, ಮದುವೆಯೂ ಅವಳದೇ. ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವಳು ಮಾತ್ರ ಆಯೇಷಾ. ಕಥೆಯ ನ್ಯಾಯ ಒಂದು ಕಡೆ, ಓದುಗರ ಹೃದಯ ಇನ್ನೊಂದು ಕಡೆ. ಇಂಗ್ಲಿಷಿನಲ್ಲಿ ಥ್ಯಾಕರೆ ಈ ಅತೃಪ್ತಿಯನ್ನು ತಾಳಲಾರದೆ 'ರೆಬೆಕ್ಕಾ ಆ್ಯಂಡ್ ರೊವೀನಾ' ಎಂಬ ವಿನೋದಕೃತಿಯನ್ನು ಬರೆದು ಐವನ್‌ಹೋನಿಗೆ ರೆಬೆಕ್ಕಾಳನ್ನೇ ಮದುವೆ ಮಾಡಿಸಿಬಿಟ್ಟ. ನಮ್ಮವರು ಹಾಗೆ ಮಾಡಲಿಲ್ಲ. ಪಡೆಯದವಳ ಬಗೆಗಿನ ಮರುಕವನ್ನು ಹಾಗೆಯೇ ಇಟ್ಟುಕೊಂಡು ಅದರಲ್ಲಿಯೇ ಒಂದು ಬಗೆಯ ಸುಖವನ್ನು ಕಂಡರು. ವಿಪ್ರಲಂಭವಿಲ್ಲದೆ ಶೃಂಗಾರ ಪುಷ್ಟವಾಗದೆಂಬ ಅಲಂಕಾರಿಕರ ಮಾತಿನಲ್ಲಿ ಬೆಳೆದ ರಸಿಕತೆಗೆ ಇದು ಅಸಹಜವೂ ಅಲ್ಲ.

ಸಾಮಾಜಿಕ ಪ್ರಣಯ ಕಾದಂಬರಿಗೆ ಬಂದರೆ, ಈ ಶುಶ್ರೂಷೆಯ ಸನ್ನಿವೇಶ ಎಷ್ಟು ವಿಚಿತ್ರವಾಗಿ ತಿರುಗಿಕೊಂಡಿತೆಂಬುದು ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲಿ ಕಾಣುತ್ತದೆ. ತ್ರಿವೇಣಿ (1928–1963) ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದವರು; ಬದುಕಿದ್ದ ಅಲ್ಪಕಾಲದಲ್ಲಿ ಅವರು ಗಳಿಸಿದ ಓದುಗಬಳಗ ಅಪಾರವಾದುದು. 1967ರಲ್ಲಿ ಪುಟ್ಟಣ್ಣ ಕಣಗಾಲರು ಈ ಕಾದಂಬರಿಯನ್ನು ಚಲನಚಿತ್ರ ಮಾಡಿದ್ದರಿಂದ ಕಥೆ ಓದದವರಿಗೂ ಪರಿಚಿತ. ಎಸ್ಟೇಟಿನ ಒಡೆಯರ ಒಬ್ಬಳೇ ಮಗಳು ಇಂದಿರೆ. ಅವಳ ತಂದೆಯ ಹಣದಿಂದ ಅಮೆರಿಕೆಗೆ ಓದಲು ಹೋಗುವ ಮೋಹನ ಅವಳನ್ನು ವರಿಸಬೇಕಾದವನು. ಅಷ್ಟರಲ್ಲಿ ಇಂದಿರೆಗೆ ತಮ್ಮನೊಬ್ಬ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದೊಡನೆ ಮೋಹನನ ಪ್ರೀತಿ ಆರಿಹೋಗುತ್ತದೆ. ಮುಂದೆ ಅವನು ಬಿದ್ದು ಗಾಯಗೊಂಡಾಗ ಶುಶ್ರೂಷೆ ಮಾಡುವವಳು ಅದೇ ಇಂದಿರೆ. ಹಾಸಿಗೆಯಲ್ಲಿ ಮಲಗಿದ ಗಂಡಿಗೆ ಜ್ಞಾನೋದಯವಾಗುತ್ತದೆ, ಅವಳ ಕೈಬೇಡುತ್ತಾನೆ. ಇಂದಿರೆ ಒಲ್ಲೆನೆನ್ನುತ್ತಾಳೆ.

ತ್ರಿವೇಣಿ ಸ್ಕಾಟನಿಂದಲೋ ಬಂಕಿಮರಿಂದಲೋ ಇದನ್ನು ಎರವಲು ತಂದರೆಂದು ನಾನು ಹೇಳುತ್ತಿಲ್ಲ. ಆದರೆ ಮೂರು ಶುಶ್ರೂಷೆಗಳನ್ನು ಸಾಲಾಗಿ ಇಟ್ಟು ನೋಡಿದಾಗ ವ್ಯತ್ಯಾಸ ಎದ್ದುಕಾಣುತ್ತದೆ. ರೆಬೆಕ್ಕಾ, ಆಯೇಷಾ ಇಬ್ಬರಿಗೂ ಧರ್ಮವೇ ಅಡ್ಡಗೋಡೆ. ಅವರು ಬಯಸಿದರೂ ಆ ಗಂಡು ದೊರೆಯಲಾರ. ಆದ್ದರಿಂದ ಅವರ ತ್ಯಾಗದಲ್ಲಿ ಆಯ್ಕೆಯ ಅಂಶ ಕಡಿಮೆ. ಇಂದಿರೆಗೆ ಯಾವ ಗೋಡೆಯೂ ಇಲ್ಲ. ಗಂಡು ಕೈಗೆಟಕುವಲ್ಲಿ ಇದ್ದಾನೆ, ಪಶ್ಚಾತ್ತಾಪವನ್ನೂ ಪಟ್ಟಿದ್ದಾನೆ, ಸುಖಾಂತಕ್ಕೆ ಬೇಕಾದುದೆಲ್ಲ ಸಿದ್ಧವಾಗಿದೆ. ಇಂಗ್ಲಿಷ್ ಪ್ರಣಯ ಕಾದಂಬರಿಯಾಗಿದ್ದರೆ ಪುಸ್ತಕ ಅಲ್ಲಿಗೆ ಮುಗಿಯುತ್ತಿತ್ತು. ತ್ರಿವೇಣಿಯವರು ಎಲ್ಲವನ್ನೂ ಸಿದ್ಧಪಡಿಸಿ, ಓದುಗರ ಬಾಯಿಗೆ ತುತ್ತು ತಂದು, ನಾಯಕಿಯ ಕೈಯಿಂದಲೇ ಅದನ್ನು ಹಿಂದಕ್ಕೆ ಸರಿಸುತ್ತಾರೆ. ಓದುಗರು ಇದರಿಂದ ನಿರಾಶರಾಗಲಿಲ್ಲ ಎಂಬುದೇ ವಿಶೇಷ. ಶತಮಾನದ ಹಿಂದೆ ಆಯೇಷಾಳಿಗಾಗಿ ಮರುಗಿದ ಪಕ್ಷಪಾತಕ್ಕೆ ಇಲ್ಲಿ ಉತ್ತರ ದೊರೆತಿದೆ: ಒಡವೆ ಕೊಟ್ಟು ಹೊರಡುತ್ತಿದ್ದವಳು ಈಗ ತಾನೇ ಬೇಡವೆಂದಳು.

ಮುಂಬಯಿಯ ಹಿರಿಯ ಓದುಗಿತ್ತಿಯರ ನಡುವೆ ಈ ಮುಕ್ತಾಯದ ಬಗ್ಗೆ ವಾಗ್ವಾದ ನಡೆಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. "ಕಾಲು ಮುರಿದ ಮೇಲೆ ಬುದ್ಧಿ ಬಂದವನನ್ನು ಯಾಕಮ್ಮ ನಂಬಬೇಕು?" ಎನ್ನುವವರು ಒಂದು ಪಕ್ಷ. "ಮನೆಗೆ ಬಂದವನನ್ನು ಹಾಗೆ ಕಳುಹಿಸಬಾರದಿತ್ತು, ಮುಂದೆ ಅವಳಿಗೆ ಯಾರಿದ್ದಾರೆ?" ಎನ್ನುವವರು ಇನ್ನೊಂದು. ಎರಡನೆಯ ಪಕ್ಷದವರಿಗೆ ಕಾದಂಬರಿ ರುಚಿಸಲಿಲ್ಲವೆಂದು ಭಾವಿಸಬಾರದು. ಹೀಗೆ ಜಗಳವಾಡುವುದೂ ಆ ಸುಖದ ಒಂದು ಭಾಗವೇ. ನಾಯಕಿಯ ಬೆಲೆ ಎಷ್ಟೆಂದು ತೂಗುವ ತಕ್ಕಡಿಯನ್ನು ಕಾದಂಬರಿಕಾರ್ತಿ ಓದುಗರ ಕೈಗೆ ಕೊಟ್ಟಿರುತ್ತಾರೆ. ತಮ್ಮ ಬದುಕಿನಲ್ಲಿ ಆ ತಕ್ಕಡಿಯನ್ನು ಹಿಡಿಯುವ ಅವಕಾಶ ಅನೇಕರಿಗೆ ಬಂದಿರಲಿಲ್ಲ.

ಸಾಮಾಜಿಕ ಕಾದಂಬರಿಯಲ್ಲಿ ಕೊನೆಯನ್ನು ಹೀಗೆ ತಿರುಗಿಸಬಹುದು. ಐತಿಹಾಸಿಕ ಪ್ರಣಯ ಕಾದಂಬರಿಯಲ್ಲಿ ಕೊನೆಯು ಕಲ್ಲಿನಲ್ಲಿ ಕೊರೆದಿಟ್ಟದ್ದು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ; ಮಗಳ ಸಾವಿನ ತರುವಾಯ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡಳೆಂದೂ ತಿಳಿಸುತ್ತದೆ. ಶಿವಗಂಗೆಯ ಜನ ಮಾತ್ರ ರಾಣಿ ಬೆಟ್ಟದಿಂದ ಧುಮುಕಿದಳೆಂದು ನಂಬಿ, ಬಂದವರಿಗೆ ಆ ಜಾಗವನ್ನೂ ತೋರಿಸುತ್ತಾರೆ. ಶಾಸನ ಧುಮುಕಿದ ಮಾತನ್ನು ಆಡುವುದಿಲ್ಲ. ಶಾಸನದ ಮೌನಕ್ಕೂ ಜನರ ನಂಬಿಕೆಗೂ ನಡುವಿನ ಈ ಬಿರುಕಿನಲ್ಲಿಯೇ ಪ್ರಣಯ ಕಾದಂಬರಿ ಬೇರು ಬಿಡುತ್ತದೆ. 1123ರಲ್ಲಿ ಶಾಂತಲೆ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ; ಸೊಕ್ಕಿದ ಸವತಿಯರಿಗೆ ಮದ್ದಾನೆಯಂತಿದ್ದವಳು ಎಂಬರ್ಥದ ಆಕೆಯ ಬಿರುದಿನಿಂದ ಬಂದದ್ದು. ಸಂಗೀತ ನೃತ್ಯಗಳಲ್ಲಿ ನಿಪುಣೆಯೆಂದು ಹೊಗಳುವ ಶಾಸನಗಳೇ ಹೀಗೂ ಕರೆಯುತ್ತವೆ. ದೇವಾಲಯಕ್ಕೆ ಇಂಥ ಹೆಸರಿಡಲು ಒಪ್ಪಿದ ಹೆಣ್ಣು ಎಂಥವಳು, ಆ ಸವತಿಯರು ಯಾರು ಎಂಬ ಪ್ರಶ್ನೆ ಆ ಬಿರುದನ್ನು ಓದಿದ ಯಾರಲ್ಲಿ ಏಳದು?

ಬೆಂಗಳೂರಿನ ಪ್ರಸಿದ್ಧ ವ್ಯಾಯಾಮಪಟು ಕೆ. ವಿ. ಅಯ್ಯರ್ ಅವರು 'ಶಾಂತಲಾ' ಬರೆದರು (ಅಂಗಸಾಧನೆಯ ಆಚಾರ್ಯರೊಬ್ಬರು ಇಷ್ಟು ಕೋಮಲವಾದ ಕಾದಂಬರಿ ಬರೆದದ್ದು ನಮ್ಮ ಸಾಹಿತ್ಯದ ಸೋಜಿಗಗಳಲ್ಲೊಂದು). ಸಿ. ಕೆ. ನಾಗರಾಜರಾವ್ ಅವರ ಬೃಹತ್ಕೃತಿ 'ಪಟ್ಟಮಹಾದೇವಿ ಶಾಂತಲದೇವಿ' 1978ರಲ್ಲಿ ಪ್ರಕಟವಾಗಿ, ಮುಂದೆ ಮೂರ್ತಿದೇವಿ ಪುರಸ್ಕಾರವನ್ನು ಪಡೆಯಿತು. ಎರಡನ್ನೂ ಓದುವವರು ನಾಯಕಿಯ ಕೊನೆಯ ತಾಣವನ್ನು ತಿಳಿದೇ ಮೊದಲ ಪುಟ ತೆರೆಯುತ್ತಾರೆ. ಹಾಡು ಕಲಿಯುವ ಬಾಲೆಯನ್ನು ಕಾಣುವಾಗಲೇ ಶಿವಗಂಗೆಯ ಬಂಡೆ ಹಿನ್ನೆಲೆಯಲ್ಲಿ ನಿಂತಿರುತ್ತದೆ. ಸಣ್ಣ ಸಂತೋಷಗಳಿಗೆಲ್ಲ ಅದರಿಂದ ತೂಕ ಬರುತ್ತದೆ. ಇತಿವೃತ್ತದ ನಿರ್ಬಂಧದಿಂದ ಬಂದ ಸನ್ನಿವೇಶ ರಸಕ್ಕೆ ಅನುಗುಣವಾಗಿರದಿದ್ದರೆ ಕವಿಯು ಅದನ್ನು ಬಿಟ್ಟು ಬೇರೊಂದನ್ನು ಕಲ್ಪಿಸಬಹುದೆಂದು ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಅನುಮತಿ ಕೊಟ್ಟಿದ್ದಾನೆ. ನಮ್ಮ ಐತಿಹಾಸಿಕ ಕಾದಂಬರಿಕಾರರು ಆ ಅನುಮತಿಯನ್ನು ಧಾರಾಳವಾಗಿಯೇ ಬಳಸಿಕೊಂಡರು. ಶಾಸನಗಳ ವಿದ್ವಾಂಸರು ಹುಬ್ಬು ಗಂಟಿಕ್ಕಿದ್ದೂ ಸಹಜ. ಆದರೆ ಶಾಂತಲೆಯ ಹೆಸರನ್ನು ಶಾಸನ ಸಂಪುಟಗಳ ಮೂಲಕ ತಿಳಿದ ಕನ್ನಡಿಗರಿಗಿಂತ ಕಾದಂಬರಿಗಳ ಮೂಲಕ ತಿಳಿದವರೇ ಹೆಚ್ಚೆಂದು ನನ್ನ ಎಣಿಕೆ.

ವಾರಪತ್ರಿಕೆಗಳ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ' ಆರಂಭವಾದ ಮೇಲೆ ಧಾರಾವಾಹಿ ಮನೆಮನೆಗೆ ಮುಟ್ಟಿತು. ಕಾಯುವುದು ಪ್ರಣಯದ ವಸ್ತು. ಕಾಯಿಸುವುದು ಧಾರಾವಾಹಿಯ ತಂತ್ರ. ಎರಡೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡವು.

ಹೊರನಾಡಿನಲ್ಲಿ ಈ ಓದಿಗೆ ಇನ್ನೊಂದು ಮುಖವಿದೆ. ಮದುವೆಯಾಗಿ ಮುಂಬಯಿಗೋ ಪುಣೆಗೋ ಬಂದ ಕನ್ನಡದ ಹೆಣ್ಣುಮಗಳಿಗೆ ಮಾರುಕಟ್ಟೆಯಲ್ಲಿ ಮರಾಠಿ, ನೆರೆಮನೆಯಲ್ಲಿ ಹಿಂದಿ ಅಥವಾ ಗುಜರಾತಿ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. ಮನೆಯೊಳಗಿನ ಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಕನ್ನಡದೊಡನೆ ಆಕೆಗಿದ್ದ ನಿತ್ಯದ ಸಂಬಂಧ ಎರವಲು ತಂದ ಈ ಕಾದಂಬರಿಗಳ ಮೂಲಕವೇ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರಿಗೂ ಪಠ್ಯಪುಸ್ತಕದಾಚೆಗೆ ಮೊದಲು ಕೈಗೆ ಸಿಕ್ಕವು ಇಂಥವೇ. ಹೊರನಾಡ ಕನ್ನಡದ ಚರಿತ್ರೆಯನ್ನು ಬರೆಯುವಾಗ ನಾವು ಸಂಘಗಳ ಸ್ಥಾಪನೆ, ನಾಟಕ ಪ್ರದರ್ಶನ, ಸಮ್ಮೇಳನಗಳ ಅಧ್ಯಕ್ಷರು ಇವುಗಳನ್ನು ತಪ್ಪದೆ ದಾಖಲಿಸುತ್ತೇವೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಚಾಳಿನ ಕೋಣೆಯಲ್ಲಿ ನಡೆದ ಓದನ್ನು ಬರೆದಿಡಲು ನಮ್ಮಲ್ಲಿ ಪ್ರತ್ಯೇಕ ಕಡತವಿಲ್ಲ.

ಆ ಓದುಗರಲ್ಲಿ ಅನೇಕರು ಈಗ ಎಂಬತ್ತರ ಗಡಿ ದಾಟಿದ್ದಾರೆ. ಅವರ ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಬಾರದು. ಹಲವು ಗ್ರಂಥಭಂಡಾರಗಳ ಎರವಲು ಪುಸ್ತಕಗಳು, ಯಾರು ಏನನ್ನು ಎಷ್ಟು ಸಲ ಒಯ್ದರೆಂಬ ಲೆಕ್ಕ, ಹಳೆಯ ಕಾಗದದ ಜೊತೆ ತೂಕಕ್ಕೆ ಹೋಗುತ್ತಿವೆ. ನಮ್ಮ ಸಂಶೋಧನ ವಿದ್ಯಾರ್ಥಿಗಳು ಧ್ವನಿಮುದ್ರಿಸಿಕೊಳ್ಳುವ ಸಾಧನವೊಂದನ್ನು ಹಿಡಿದು ಆ ಮನೆಗಳಿಗೆ ಹೋಗುವುದಾದರೆ ಯಾವ ಲೇಖಕಿ ಇಷ್ಟ, ಎಷ್ಟು ಓದಿದಿರಿ ಎಂಬ ಪ್ರಶ್ನಾವಳಿಯಿಂದ ಹೆಚ್ಚೇನೂ ಹೊರಡದು. ಇಂದಿರೆ ಮೋಹನನನ್ನು ಒಪ್ಪಬೇಕಿತ್ತೇ ಎಂದು ಕೇಳಬೇಕು. ಉತ್ತರ ಬೇಗ ಮುಗಿಯುವುದಿಲ್ಲ. ಮಧ್ಯೆ ಒಂದು ಲೋಟ ಕಾಫಿ ಬರುತ್ತದೆ, ಮಾತು ಕಾದಂಬರಿಯನ್ನು ದಾಟಿ ಅವರ ಅಕ್ಕನ ಮದುವೆಗೋ ತಂಗಿಯ ಸಂಬಂಧ ಮುರಿದುಬಿದ್ದ ಪ್ರಸಂಗಕ್ಕೋ ಹೋಗುತ್ತದೆ. ಅದನ್ನೂ ಬರೆದುಕೊಳ್ಳಬೇಕು.