ನಿಮಗಿದು ಗೊತ್ತೆ? ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’

ದೀಪಾವಳಿ ಹೊತ್ತಿಗೆ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಲೆಕ್ಕದಲ್ಲಿ ಗಂಡ-ಹೆಂಡತಿ ಇಬ್ಬರೂ ಸೇರಿ ಒಂದೇ ‘ಕೊಯ್ತಾ’. ಕೊಯ್ತಾ ಎಂದರೆ ಕುಡುಗೋಲು. ಒಂದು ಕೊಯ್ತಾಕ್ಕೆ ಕೊಡುವ ಮುಂಗಡ ಹಣಕ್ಕೆ ‘ಉಚಲ್’ ಎನ್ನುತ್ತಾರೆ.

ಈ ಲೆಕ್ಕದಲ್ಲಿ ಮಗುವಿಲ್ಲ. ಆದರೆ ಕೆಲಸದಲ್ಲಿದೆ. ನಸುಕಿನಲ್ಲಿ ಅವ್ವ-ಅಪ್ಪ ಹೊಲಕ್ಕೆ ಹೋದರೆ ಹತ್ತು ವರ್ಷದ ಹುಡುಗಿ ನೀರು ತರುತ್ತಾಳೆ, ಸೋಗೆಯ ಗುಡಿಸಲು ಕಾಯುತ್ತಾಳೆ, ಕಬ್ಬಿನ ಸಾಲಿನ ನಡುವೆ ಹಳೇ ಸೀರೆಯ ಜೋಲಿ ಕಟ್ಟಿ ತಮ್ಮನನ್ನು ತೂಗುತ್ತಾಳೆ. ದನಕ್ಕೆ ಹಾಕುವ ಕಬ್ಬಿನ ತುದಿಯನ್ನು ಆರಿಸಿ ಕಟ್ಟು ಕಟ್ಟುವುದೂ ಅವಳೇ. ಸುಗ್ಗಿ ಮುಗಿಯುವುದು ಮಾರ್ಚ್ ಸುಮಾರಿಗೆ. ಅಷ್ಟರಲ್ಲಿ ಊರಿನ ಶಾಲೆಯಲ್ಲಿ ಪರೀಕ್ಷೆಯ ಹೊತ್ತು.

ಇಂಥ ಮಕ್ಕಳಿಗಾಗಿ ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳ ಬಳಿ ‘ಸಾಖರ್ ಶಾಳಾ’ಗಳು, ಅಂದರೆ ಸಕ್ಕರೆ ಶಾಲೆಗಳು, ನಡೆದಿವೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ವಿಜಯಪುರ ಜಿಲ್ಲೆಯಿಂದ ಬಂದ ಮಗು ಅಲ್ಲಿ ತನ್ನ ಭಾಷೆಯಲ್ಲೇ ಓದಬಹುದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಂತೆ, ಬೇರೆ ರಾಜ್ಯದಿಂದ ಬಂದರೂ ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ನಿಮ್ಮೂರ ಹೊಲಕ್ಕೆ ಗ್ಯಾಂಗು ಬಂದಿದ್ದರೆ ಇದನ್ನು ಆ ತಾಯಿಗೆ ಹೇಳಿ, ಮಗುವನ್ನು ಶಾಲೆಯ ಬಾಗಿಲವರೆಗೆ ಕರೆದುಕೊಂಡು ಹೋಗಿ.